ಏಳನೇ ಪ್ಯಾರಾ

ಐಸಿನ ಲೆಕ್ಕ ನನಗೆ ಯಾರೂ ಕಲಿಸಬೇಕಾಗಿಲ್ಲ.
ಬೈತಖೋಲದ ಧಕ್ಕೆಯಲ್ಲಿ, ಹನ್ನೆರಡು ತುಂಬುವ ಮೊದಲೇ
ಆಯಿ ಕೈಗೆ ಕೊಡತಿ ಕೊಟ್ಟಿದ್ದಳು.
ಬಂಗಡೆಗೆ ಸರಿಸಮ, ಇಸ್ವಣಕ್ಕೆ ಒಂದಕ್ಕೆ ಒಂದೂವರೆ,
ಕೆಳಗೊಂದು ಹಾಸು, ಮೇಲೊಂದು ಹಾಸು,
ಕಿವಿರಿನೊಳಗೆ ಒಂದು ಹಿಡಿ.
ನೀರು ನಿಲ್ಲಬಾರದು. ನಿಂತರೆ ಮುಗೀತು.

ಆಯಿ ಹೋದದ್ದು ಮಂಗಳವಾರ ನಸುಕಿನಲ್ಲಿ.
ತಮ್ಮ ಪುಂಡಲೀಕ ರತ್ನಾಗಿರಿಯಾಚೆ ಟ್ರಾಲರಿನಲ್ಲಿ.
ವೈರ್‌ಲೆಸ್ಸಿನೊಳಗೆ ಅವನ ದನಿ ಹರಿದು ಹರಿದು ಬಂತು:
"ನಾ ಬರೋ ತನಕ ಇಡು. ಮುಖ ನೋಡಬೇಕು."
ಎರಡು ದಿನ.
ಕೋಡಿಬಾಗ ರಸ್ತೆಯ ಅಂತ್ಯಯಾತ್ರೆ ಸೇವೆಯವರಿಗೆ
ನಾಲ್ಕೂವರೆ ಸಾವಿರ ಎಣಿಸಿ ಕೊಟ್ಟೆ,
ಮೀನಿನ ನೋಟು, ಅವರು ಮೂಗು ಸಿಂಡರಿಸಿ ತಗೊಂಡರು.
ರಸೀತಿಯಲ್ಲಿ ಬರೆದರು:
ಬಾಡಿ ಒಂದು. ಕೋಲ್ಡ್ ಪೆಟ್ಟಿಗೆ. ಜನರೇಟರ್ ಸಹಿತ.

ಬುಧವಾರ ರಾತ್ರಿ ಕರೆಂಟು ಹೋಯಿತು.
ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ.
ಕಾಯುವ ಹುಡುಗ ಬೀಗ ಜಡಿದು
ಕಾಳಿ ಸೇತುವೆಯಾಚೆ ಯಾರದೋ ಅರಿಶಿನಕ್ಕೆ ಹೋಗಿದ್ದ.
ಹನ್ನೊಂದು ತಾಸು. ಮೇ ತಿಂಗಳ ಕಾರವಾರ.
ಒಂದು ಫೋನು ಮಾಡಿದ್ದರೆ ಸಾಕಿತ್ತು,
ಮೂರು ಲಾದಿ ಐಸು ನಾನೇ ತಲೆಮೇಲೆ ಹೊತ್ತು ಬರುತ್ತಿದ್ದೆ.

ಗುರುವಾರ ಪೆಟ್ಟಿಗೆ ತೆರೆದವಳು ನಾನು.
ಕಂಡದ್ದನ್ನು ಕಂಡೆ.
ಸೀರೆಯ ಸೆರಗು ಹಣೆಯ ಮೇಲಿಂದ ಎದೆಯವರೆಗೆ ಎಳೆದು
ಓಡಿ ಬಂದ ತಮ್ಮನಿಗೆ ಹೇಳಿದೆ:
"ಮುಸುಕು ತೆಗೀಬಾರದಂತೆ, ಗಳಿಗೆ ಸರಿಯಿಲ್ಲ.
ನಿದ್ದೆ ಮಾಡಿದ ಹಾಗೇ ಇದ್ದಾಳೆ."
ಅವನು ಕಾಲು ಮುಟ್ಟಿ ಎದ್ದ. ಏನೂ ಕೇಳಲಿಲ್ಲ.

ಗ್ರಾಹಕರ ಆಯೋಗದ ಬೆಂಚು ಸಣ್ಣದು,
ಫ್ಯಾನು ದೊಡ್ಡದು. ಹದಿನಾಲ್ಕು ವಾಯಿದೆ.
"ಸತ್ತವರು ಗ್ರಾಹಕರಲ್ಲ" ಅಂದರು ಅವರ ವಕೀಲರು,
"ದೇಹ ಸರಕೂ ಅಲ್ಲ."
ನಮ್ಮ ವಕೀಲೆ ನೂತನಬಾಯಿ ರಸೀತಿ ಎತ್ತಿ ಹಿಡಿದಳು:
"ಹಾಗಾದರೆ ಒಂದು ಅಂತ ಎಣಿಸಿದ್ದು ಯಾತಕ್ಕೆ?"
"ಕರೆಂಟು ಹೋದದ್ದು ದೈವೇಚ್ಛೆ, ಸ್ವಾಮಿ."
"ಡೀಸೆಲ್ ಇಲ್ಲದ್ದು?" ಕನ್ನಡಕದ ಮೇಲಿಂದ
ಸದಸ್ಯರು ಕೇಳಿದರು, ಬರೆಯುತ್ತಲೇ.

ಅದೆಲ್ಲ ಸುಲಭ.
ಕಷ್ಟದ್ದು ಪ್ರಮಾಣಪತ್ರದ ಏಳನೇ ಪ್ಯಾರಾ.
"ಏನು ಕಂಡಿರಿ, ಇದ್ದದ್ದು ಇದ್ದ ಹಾಗೆ.
ಅದು ಇಲ್ಲದೆ ಕೇಸಿಲ್ಲ" ಅಂದಿದ್ದಳು ನೂತನಬಾಯಿ.
ಅವಳ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಹೇಳಿದ್ದೆ,
ಟೈಪಿಸ್ಟು ಎರಡು ಸಲ ನೀರು ಕುಡಿದು ಬಂದಳು.
ಈಗ ಕಟಕಟೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿದರು,
ಕಣ್ಣು ಎಂದು, ತುಟಿ ಎಂದು, ಬಣ್ಣ ಎಂದು.
ಜೂನ್ ತಿಂಗಳು, ದೋಣಿಯೆಲ್ಲ ದಡಕ್ಕೆ ಬಿದ್ದಿದ್ದವು.
ಹಿಂದಿನ ಬೆಂಚಿನಲ್ಲಿ ಪುಂಡಲೀಕ ಕೂತಿದ್ದ.
"ಇದು ಸತ್ಯವೇ?" ಕೇಳಿದರು.
ಎರಡು ವರ್ಷ ಕಾಪಾಡಿದ್ದ ಸುಳ್ಳು
ಆ ಒಂದು "ಹೌದು"ಗೆ ಕರಗಿ ಹೋಯಿತು.
ನಾನು ತಿರುಗಿ ನೋಡಲಿಲ್ಲ.

ಹೊರಗೆ ಚಾ ಅಂಗಡಿ. ಮಳೆ ತಗಡಿನ ಮೇಲೆ.
ಗ್ಲಾಸಿನೊಳಗೆ ನೋಡುತ್ತ ಅವನಂದ:
"ಅಕ್ಕಾ, ಹದಿನೆಂಟು ವರ್ಷ ಆಯ್ತು
ದೋಣಿಯ ಹೊಟ್ಟೆಯಲ್ಲಿ ಮೀನು ತುಂಬ್ತಾ.
ಬಾಗಿಲಲ್ಲೇ ಗೊತ್ತಾಗಿತ್ತು ನಂಗೆ.
ನಿಂಗೆ ಹಾಗೆ ಹೇಳಬೇಕಿತ್ತು, ಹೇಳ್ದೆ. ನಾ ಕೇಳ್ದೆ."
ಮತ್ತೆ, ಸ್ವಲ್ಪ ಹೊತ್ತು ಬಿಟ್ಟು,
"ತುಟಿದು ಗೊತ್ತಿರ್ಲಿಲ್ಲ."

ಆದೇಶ ಬಂತು. ಸೇವಾ ನ್ಯೂನತೆ ಸಾಬೀತು.
ಎಂಬತ್ತು ಸಾವಿರ, ಖರ್ಚು ಐದು,
ನಲವತ್ತೈದು ದಿನದೊಳಗೆ, ತಪ್ಪಿದರೆ ಬಡ್ಡಿ.
ನ್ಯೂನತೆ. ನಾಲಿಗೆಗೆ ಒಗ್ಗದ ಮಾತು,
ಪೇಟೆಯಲ್ಲಿ ಕೂತು ನಾಲ್ಕು ಸಲ ಅಂದು ನೋಡಿದೆ.
ಅವರು ಮೇಲಿನ ಆಯೋಗಕ್ಕೆ ಹೋಗುತ್ತಾರಂತೆ.
ಹೋಗಲಿ, ರಸೀತಿ ನನ್ನ ಹತ್ತಿರ ಇದೆ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಆಯಿಯ ತಕ್ಕಡಿ ಬಟ್ಟಲಿನ ಕೆಳಗೆ.

ಇವತ್ತಿಗೆ ನಲವತ್ತೊಂದು.
ಲಾರಿ ಬಂತು. ಐಸು ಇಳಿಸಬೇಕು.